ಕಿವಿಯಾರೆ ಕೇಳಿದ್ದು

ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ಹಿರೀಸಾವೆಯ ಮನೆಯಲ್ಲಿ ಅಪ್ಪನಿಗೆ ಬಿಟ್ಟು ಬಂದೆ. ಮಂಡಿನೋವಿನಿಂದ ಅವರು ತೋಟಕ್ಕೆ ಹೋಗುವುದು ನಿಂತಿತ್ತು, ಹೊತ್ತು ಹೋಗಬೇಕಲ್ಲ. ನಮ್ಮ ಕಡೆ ಬೇಸಿಗೆ ಬಂತೆಂದರೆ ಯಾವುದಾದರೂ ಒಂದು ಊರಲ್ಲಿ ‘ಕುರುಕ್ಷೇತ್ರ’ ನಾಟಕ ಇದ್ದೇ ಇರುತ್ತದೆ. ಈಗ ಅವನ್ನೆಲ್ಲ ಯಾರಾದರೂ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿರುತ್ತಾರೆ. ಒಂದು ಕಾಲದಲ್ಲಿ ಶಕುನಿಯ ಪಾತ್ರ ಮಾಡಿದ್ದ ಅಪ್ಪನಿಗೆ ಭಂಡಾರವೇ ಸಿಕ್ಕಂತಾಯಿತು. ತಕರಾರು ಒಂದೇ: ‘ಸೌಂಡ್ ಸರಿಯಾಗ್ ಬರಾಕಿಲ್ಲ ಕಣ್ಲಾ. ಮಾತಾಡ್ತಾವ್ರೆ ಅಂತ ಗೊತ್ತಾಯ್ತದೆ, ಏನ್ ಮಾತಾಡ್ತಾವ್ರೆ ಅಂತ ಗೊತ್ತಾಗಾಕಿಲ್ಲ.’

ಈ ಮಾತನ್ನು ಯಾವುದೇ ಕಿವಿಯ ಡಾಕ್ಟರು ಕೇಳಿಸಿಕೊಂಡಿದ್ದರೆ ಅಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದರು. ನಾನು ಕಂಪ್ಯೂಟರ್ ಕೆಲಸದವನು, ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದೆ.

ತಪ್ಪು ಅಲ್ಲೂ ಇತ್ತು ಅನ್ನಿ. ಆ ಲ್ಯಾಪ್‌ಟಾಪಿನ ಸ್ಪೀಕರುಗಳಿರುವುದು ಅಡಿಭಾಗದಲ್ಲಿ. ಅಪ್ಪ ಅದನ್ನು ಹಾಸಿಗೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು, ಅರ್ಧ ಶಬ್ದವನ್ನು ಕಂಬಳಿಯೇ ನುಂಗುತ್ತಿತ್ತು. ಒಂದು ಮಣೆ ಕೊಟ್ಟೆ. ಮುಂದಿನ ಸಲ ಹೋದಾಗ ಮತ್ತದೇ ತಕರಾರು. ಧ್ವನಿಯನ್ನು ‘ಸುಧಾರಿಸುತ್ತೇವೆ’ ಎಂದು ಕಂಪನಿಯವರೇ ಹಾಕಿಕೊಟ್ಟಿರುವ ಸೌಲಭ್ಯಗಳಿರುತ್ತವಲ್ಲ, ಎಷ್ಟೋ ಸಲ ಕೆಡಿಸುವುದೇ ಅವು, ಅವನ್ನೆಲ್ಲ ಆರಿಸಿದೆ. ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ. ವಿಂಡೋಸಿನಲ್ಲಿ ಇನ್ನೊಂದು ಚೇಷ್ಟೆ ಇದೆ: ಯಾರೋ ಕರೆ ಮಾಡುತ್ತಿದ್ದಾರೆ ಎಂದು ಅದಕ್ಕೆ ಅನ್ನಿಸಿದರೆ ಸಾಕು, ಉಳಿದ ಶಬ್ದಗಳನ್ನೆಲ್ಲ 80 ಪರ್ಸೆಂಟ್ ಇಳಿಸಿಬಿಡುತ್ತದೆ. ಅದನ್ನೂ ಬಿಡಿಸಿದೆ. ಬ್ಲೂಟೂತ್ ಇಯರ್‌ಫೋನ್ ತಂದುಕೊಟ್ಟೆ. ನಾಟಕಕ್ಕೆ ಚೆನ್ನಾಗಿತ್ತು, ವಿಡಿಯೋ ಕರೆ ಬಂದ ತಕ್ಷಣ ಧ್ವನಿ ಹಳೇ ಟ್ರಂಕ್ ಕಾಲಿನಂತಾಗುತ್ತಿತ್ತು. ಮೈಕು ಕೂಡ ಕೆಲಸ ಮಾಡಬೇಕಾದಾಗ ಅಂಥ ಇಯರ್‌ಫೋನುಗಳು ಬೇರೊಂದು ಪದ್ಧತಿಗೆ ಹೊರಳುತ್ತವೆ, ಕೇಳುವ ಗುಣಮಟ್ಟ ಬಿದ್ದುಹೋಗುತ್ತದೆ. ಮಾತಾಡುತ್ತಲೇ ಚೆನ್ನಾಗಿ ಕೇಳಿಸಿಕೊಳ್ಳುವುದು ಅವುಗಳಿಗೂ ಆಗದು.

ಹೀಗೆ ಮೂರ್ನಾಲ್ಕು ತಿಂಗಳು ಕಳೆಯಿತು. 2017ರಲ್ಲಿ ಬೆಂಗಳೂರು–ಹಾಸನ ರೈಲು ಶುರುವಾದ ಮೇಲೆ ಊರಿಗೆ ಹೋಗಿಬರುವುದು ಸಲೀಸು. ಹೋದಾಗಲೆಲ್ಲ ಈ ರಿಪೇರಿ. ನಿಜ ಹೇಳಬೇಕೆಂದರೆ ನನಗದು ಇಷ್ಟವಾಗತೊಡಗಿತ್ತು. ಅಪ್ಪನ ಮುಂದೆ ಕುಳಿತು ಇನ್ನೇನು ಮಾತಾಡುವುದೆಂದು ಹುಡುಕಬೇಕಾಗಿರಲಿಲ್ಲ.

ಒಂದು ಭಾನುವಾರ ಈಕ್ವಲೈಸರ್ ಹಾಕಿದೆ. ಮಂದ್ರದಿಂದ ತಾರದವರೆಗೆ ಧ್ವನಿಯನ್ನು ಪಟ್ಟಿಪಟ್ಟಿಯಾಗಿ ಸೀಳಿ, ಬೇಕಾದ ಪಟ್ಟಿಯನ್ನು ಏರಿಸಲು, ಬೇಡದ್ದನ್ನು ಇಳಿಸಲು ಬರುವ ತಂತ್ರಾಂಶ ಅದು. 2000 ಹರ್ಟ್ಜ್‌ನಿಂದ ಮೇಲಿನದನ್ನೆಲ್ಲ ಏರಿಸುತ್ತ ಹೋದೆ. ನನ್ನ ಕಿವಿಗೆ ಅದು ಅಸಹ್ಯವಾಯಿತು. ಅಡುಗೆಮನೆಯಿಂದ ಅವ್ವ, ‘ತಗಡು ಕೆರದಂಗದೆ, ಆರ್ಸ್ರಪ್ಪಾ ಅದ’ ಎಂದು ಕೂಗಿದಳು. ಅಪ್ಪನ ಮುಖ ಅರಳಿತು. ‘ಈಗ್ ನೋಡು, ಈಗ್ ಸರಿಯಾಯ್ತು. ಒಂದೊಂದ್ ಅಕ್ಷರಾನೂ ಬಿಡಿಸಿ ಕೇಳುಸ್ತದೆ.’

ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ನಮ್ಮಿಬ್ಬರಿಗೆ ತಗಡಾದದ್ದು ಅವರಿಗೆ ಮಾತಾಗಿದ್ದರೆ ಕೆಟ್ಟಿದ್ದು ಲ್ಯಾಪ್‌ಟಾಪಲ್ಲ. ನಾನು ಆ ಜೋಡಣೆಗೆ ‘ಅಪ್ಪ’ ಎಂದು ಹೆಸರು ಕೊಟ್ಟು ಉಳಿಸಿದೆ. ಬಾಯಲ್ಲಿ, ‘ಹೂಂ ಅಪ್ಪಾ, ಲ್ಯಾಪ್‌ಟಾಪ್ ಸರಿಯಾಯ್ತು. ಇನ್ಮೇಲೆ ತೊಂದ್ರೆ ಇಲ್ಲ’ ಎಂದೆ.

ಈ ಒಂದು ವಾಕ್ಯದ ಬಗ್ಗೆಯೇ ನಾನು ಬರೆಯುತ್ತಿರುವುದು.

ಅಪ್ಪ 35 ವರ್ಷ ಹಿಟ್ಟಿನ ಮಿಲ್ಲು ನಡೆಸಿದವರು. ಮೊದಲು ಡೀಸೆಲ್ ಎಂಜಿನ್ನು, ಆಮೇಲೆ ಕರೆಂಟಿನ ಮೋಟರು. ರಾಗಿ, ಖಾರದಪುಡಿ, ಸಂತೆಯ ದಿನವಾದರೆ ಹೊತ್ತು ಮುಳುಗಿದ ಮೇಲೂ ನಿಲ್ಲದ ಪಟ್ಟಾದ ಸದ್ದು. ದಿನಕ್ಕೆ 8 ಗಂಟೆ 85 ಡೆಸಿಬಲ್ ದಾಟಿದ ಗದ್ದಲದಲ್ಲಿ ವರ್ಷಗಟ್ಟಲೆ ಇದ್ದವರ ಕಿವಿ ಕೆಡುತ್ತದೆ ಎನ್ನುತ್ತಾರೆ. ನಮ್ಮ ಮಿಲ್ಲಿನಲ್ಲಿ ಅಳೆದವರಿಲ್ಲ. ಒಂದು ಮೊಳ ದೂರದಲ್ಲಿ ನಿಂತವರಿಗೆ ಏನಾದರೂ ಹೇಳಬೇಕಾದರೆ ಕೂಗಬೇಕಿತ್ತು ಎಂಬುದಷ್ಟು ನೆನಪಿದೆ. ಒಳಗಿವಿಯ ಶಂಖದಲ್ಲಿ ಶಬ್ದವನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಂದು ಕಿವಿಗೆ ಸುಮಾರು 15,000 ಮಾತ್ರ. ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರದ ಧ್ವನಿಗಳನ್ನು ಹಿಡಿಯುವಂಥವು. ಮಾತಿನಲ್ಲಿ ಸ್ವರಗಳ ಬಲವೆಲ್ಲ ಕೆಳಗಿನ ಪಟ್ಟಿಗಳಲ್ಲಿದ್ದರೆ ಸಕಾರ, ಶಕಾರಗಳು, ಪ-ತ-ಕಗಳ ಬಿಡಿಬಿಡಿ ಚಹರೆ ಮೇಲಿನ ಪಟ್ಟಿಗಳಲ್ಲಿದೆ. ಆದ್ದರಿಂದಲೇ ‘ಮಾತಾಡ್ತಾವ್ರೆ ಅಂತ ಗೊತ್ತಾಯ್ತದೆ, ಏನು ಅಂತ ಗೊತ್ತಾಗಾಕಿಲ್ಲ.’ ಮಿಲ್ಲಿನಲ್ಲಿ ಅಪ್ಪ ಜನರ ತುಟಿ ನೋಡಿಯೇ ಎಷ್ಟು ಸೇರು, ಎಷ್ಟು ನುಣ್ಣಗೆ ಎಂದು ತಿಳಿಯುತ್ತಿದ್ದರು. ವಿಡಿಯೋ ಕರೆಯಲ್ಲಿ ತುಟಿಯೊಂದು ಕಡೆ, ಶಬ್ದವೊಂದು ಕಡೆ. ಅವರ ಹಳೆಯ ಉಪಾಯ ಅಲ್ಲಿ ನಡೆಯುತ್ತಿರಲಿಲ್ಲ.

ನಾನು ಓದಿದ್ದು ಆ ಮಿಲ್ಲಿನ ದುಡ್ಡಿನಲ್ಲಿ. ‘ಅಪ್ಪಾ, ನಿಮ್ಮ ಕಿವಿ ಹೋಗಿದೆ’ ಎಂದರೆ ‘ಹೆಂಗೆ ಹೋಯ್ತು’ ಎಂಬ ಪ್ರಶ್ನೆ ಬರುತ್ತಿತ್ತು, ಅದರ ಉತ್ತರ ನನ್ನ ಕಾಲೇಜಿನ ಫೀಸಿನ ರಸೀತಿಗಳಲ್ಲಿತ್ತು. ಹೇಳದೆ ಹೋದದ್ದಕ್ಕೆ ಇದೇ ಕಾರಣ ಎಂದು ಬಹಳ ದಿನ ನಂಬಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ. ಅವರ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಳ್ಳುವುದು ಸುಲಭವಾಗಿತ್ತು, ಯಂತ್ರ ಸರಿಮಾಡಬಲ್ಲ ಮಗನಾಗಿರುವುದು ಹಿತವಾಗಿತ್ತು. ಹಿರಿಯರಿಗೆ ನೋವಾಗಬಾರದು ಎಂದು ನಾವು ಹೇಳುವ ಸುಳ್ಳುಗಳಲ್ಲಿ ನಮ್ಮ ಪಾಲೆಷ್ಟು, ಅವರ ಪಾಲೆಷ್ಟು ಎಂದು ಯಾರೂ ತೂಗಿ ನೋಡುವುದಿಲ್ಲ.

ಮುಂದೆ ನಡೆದದ್ದು ಇದು. ನಮ್ಮ ತೋಟ, ಚಿಕ್ಕಪ್ಪನ ತೋಟ ಅಕ್ಕಪಕ್ಕ. ಭಾಗವಾಗಿ ಇಪ್ಪತ್ತು ವರ್ಷ ಮೇಲಾಯಿತು. ಬದುವಿನ ಪಕ್ಕದ ಒಂದು ಸಾಲು ತೆಂಗು ಅಪ್ಪನದು. ಚಿಕ್ಕಪ್ಪ ಇರುವುದು ಚನ್ನರಾಯಪಟ್ಟಣದಲ್ಲಿ. ಕಾಯಿ ಕೀಳಿಸಲು ಬಂದವನು ಮರಗಳನ್ನು ತೋರಿಸೋಣವೆಂದು ತೋಟದಿಂದಲೇ ವಿಡಿಯೋ ಕರೆ ಮಾಡಿದ್ದಾನೆ. ಅಪ್ಪ ಲ್ಯಾಪ್‌ಟಾಪಿನಲ್ಲಿ ಮಾತಾಡಿದ್ದಾರೆ. ಚಿಕ್ಕಪ್ಪ ಹೇಳಿದ್ದು: ‘ಅಣ್ಣಾ, ಬದೀನ ಸಾಲು ನಂಗೆ ಬಿಡು.’ ತನ್ನ ಆಳುಗಳ ಕೈಯಲ್ಲೇ ಆ ಸಾಲನ್ನೂ ಕೀಳಿಸಿ ಕಾಯಿ ಮನೆಗೆ ಹಾಕಿಸುತ್ತೇನೆ, ನಿನಗ್ಯಾಕೆ ತಾಪತ್ರಯ ಎಂಬ ಅರ್ಥದಲ್ಲಿ. ಅಪ್ಪನಿಗೆ ಕೇಳಿಸಿದ್ದು: ‘ಬದೀನ ಪಾಲು ನಂಗೆ ಬಿಡು.’

ಸಾಲು, ಪಾಲು. ಅಪ್ಪ ಕರೆ ಕತ್ತರಿಸಿದರು. ಸಂಜೆ ಮನೆಗೆ ಬಂದು ಊಟ ಮಾಡಿಹೋಗಬೇಕಿದ್ದ ಚಿಕ್ಕಪ್ಪ ಬರಲಿಲ್ಲ. ಆಮೇಲೆ ಯಾರು ಯಾರಿಗೆ ಏನೆಂದರು, ಹಳೆಯದೆಲ್ಲ ಹೇಗೆ ಹೊರಬಂತು ಎಂಬುದು ಬೇಡ. ಅಣ್ಣತಮ್ಮಂದಿರ ಜಗಳ ಕಂಡವರಿಗೆ ಹೇಳಬೇಕಾದ್ದಿಲ್ಲ. ಎಂಟು ತಿಂಗಳು ಮಾತಿಲ್ಲ. ಯಾಕೆಂದು ನಾನು ಕೇಳಿದರೆ ಅಪ್ಪ, ‘ಪಾಲು ಕೇಳ್ತಾನೆ’ ಎಂದಷ್ಟೇ ಹೇಳುತ್ತಿದ್ದರು. ಆಸ್ತಿಯ ಮಾತು, ನಾನು ತಲೆ ಹಾಕಲಿಲ್ಲ. ಒಂದು ತಿಥಿಯ ಊಟದಲ್ಲಿ ಚಿಕ್ಕಪ್ಪ ಪಕ್ಕಕ್ಕೆ ಕುಳಿತು, ‘ನಾನು ಅಂದಿದ್ದು ಏನು, ನಿಮ್ಮಪ್ಪ ಮಾಡಿದ್ದು ಏನು’ ಎಂದು ಆ ವಾಕ್ಯವನ್ನು ಹೇಳಿದಾಗ ನನ್ನ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು.

ಆ ಸಕಾರವನ್ನು ತಿಂದದ್ದು ಯಾರು? ಅಪ್ಪನ ಕಿವಿ ಇರಬಹುದು. ತೋಟದ ಗಾಳಿ ಇರಬಹುದು. ಕರೆ ಮಾಡುವ ಆ್ಯಪುಗಳು ಗದ್ದಲವನ್ನು ಸೋಸುವಾಗ ಗಾಳಿಯ ಸುಯ್ಯೆನ್ನುವಿಕೆಯ ಜೊತೆ ಮೆಲುವಾದ ಸಕಾರವನ್ನೂ ಒರೆಸಿಹಾಕುವುದುಂಟು; ಯಂತ್ರಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ‘ಆಲು’ ಎಂಬಷ್ಟು ಉಳಿದು ಬಂದಿತ್ತು, ಮೊದಲ ಅಕ್ಷರ ತುಂಬಿದ್ದು ಅಪ್ಪನ ಮನಸ್ಸು. ಇದರಲ್ಲಿ ವಿಚಿತ್ರವೇನಿಲ್ಲ, ಮನಸ್ಸು ದಿನವಿಡೀ ಮಾಡುವ ಕೆಲಸವೇ ಇದು. ಗಂಡಸಿನ ಧ್ವನಿಯ ಮೂಲ ಕಂಪನ ಸೆಕೆಂಡಿಗೆ 100–120ರ ಆಸುಪಾಸಿನದು. ಹಳೆಯ ದೂರವಾಣಿ ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಜ್ ಮಾತ್ರ. ಅಂದರೆ ಆ ಮೂಲ ಕಂಪನ ತಂತಿಯಲ್ಲಿ ಬರುತ್ತಲೇ ಇರಲಿಲ್ಲ, ಆದರೂ ನಮಗೆ ಗಂಡುಧ್ವನಿಯೇ ಕೇಳಿಸುತ್ತಿತ್ತು. ಹೆಬ್ಬೆರಳಿನಷ್ಟು ಸ್ಪೀಕರಿನ ಲ್ಯಾಪ್‌ಟಾಪಿನಲ್ಲಿ ಹಾರ್ಮೋನಿಯಂನ ಮಂದ್ರ ಕೇಳಿಸುವುದೂ ಹೀಗೆಯೇ. ಬಾರದ್ದನ್ನು ಮನಸ್ಸು ತುಂಬಿಕೊಡುತ್ತದೆ. ಹಾರ್ಮೋನಿಯಂ ಆದರೆ ಸರಿಯಾಗಿ ತುಂಬುತ್ತದೆ. ತಮ್ಮನ ಮಾತಾದರೆ ಇಪ್ಪತ್ತು ವರ್ಷದ ಹಿಂದಿನ ಭಾಗದ ದಿನದಿಂದ ಒಳಗೆ ಉಳಿದಿರುವ ಅಂಜಿಕೆಯಿಂದ ತುಂಬುತ್ತದೆ. ಹಾಗೆ ನೋಡಿದರೆ ಅಪ್ಪನದು ಬರೀ ಕಿವಿಯ ತಪ್ಪಲ್ಲ. ಸಕಾರ ಹೋದ ಜಾಗಕ್ಕೆ ‘ಹಾಲು’ ಬರಬಹುದಿತ್ತು, ‘ಕಾಲು’ ಬರಬಹುದಿತ್ತು. ಬಂದದ್ದು ‘ಪಾಲು’.

ಆದರೆ ಇಲ್ಲಿ ನನ್ನ ಪಾತ್ರ ಒಂದಿದೆ. ಮೊದಲಾಗಿದ್ದರೆ ಅಪ್ಪ, ‘ಸೌಂಡ್ ಸರಿ ಇಲ್ಲ, ಇನ್ನೊಂದ್ ಸಲ ಹೇಳು’ ಎನ್ನುತ್ತಿದ್ದರು. ಲ್ಯಾಪ್‌ಟಾಪಿನ ಮೇಲಿನ ಅನುಮಾನ ಅವರಿಗೂ ತಮ್ಮನಿಗೂ ನಡುವೆ ಮೆತ್ತೆಯ ಹಾಗೆ ಇತ್ತು. ಲ್ಯಾಪ್‌ಟಾಪ್ ಸರಿಯಾಯಿತು ಎಂದು ಹೇಳಿ ಆ ಮೆತ್ತೆಯನ್ನು ತೆಗೆದವನು ನಾನು. ಯಂತ್ರದ ಮೇಲೆ ಸಂಶಯಪಡುವಂತಿಲ್ಲ, ಕಿವಿಯ ಮೇಲೆ ಸಂಶಯಪಡಬೇಕೆಂದು ಯಾರೂ ಹೇಳಿಲ್ಲ. ಉಳಿದವನು ತಮ್ಮ.

ತತ್ತ್ವಶಾಸ್ತ್ರ ನನ್ನ ಓದಿನ ವಿಷಯವಲ್ಲ. ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ದರ್ಶನಗಳ ಪುಸ್ತಕವನ್ನು ಹಿಂದೊಮ್ಮೆ ಅರ್ಧಂಬರ್ಧ ಓದಿದ್ದೆ. ತಿಥಿಯಿಂದ ಬಂದ ರಾತ್ರಿ ಅದರ ಮೀಮಾಂಸೆಯ ಅಧ್ಯಾಯವನ್ನು ತೆಗೆದೆ. ಕುಮಾರಿಲ ಭಟ್ಟನ ಕಡೆಯವರ ವಾದ ಸ್ಥೂಲವಾಗಿ ಹೀಗೆ: ನಮಗೆ ಉಂಟಾದ ಅರಿವು ತನ್ನಷ್ಟಕ್ಕೆ ತಾನೇ ಪ್ರಮಾಣ. ಕೇಳಿಸಿತು ಎಂದರೆ ಕೇಳಿಸಿತು, ಅದಕ್ಕೆ ಬೇರೆ ಸಾಕ್ಷಿ ಬೇಡ. ಅದು ಬಿದ್ದುಹೋಗುವುದು ಎರಡೇ ಸಂದರ್ಭದಲ್ಲಿ. ಅದಕ್ಕೆ ವಿರುದ್ಧವಾದ ಇನ್ನೊಂದು ಅರಿವು ಬಂದು ಬಾಧಿಸಬೇಕು, ಇಲ್ಲವೇ ಅರಿವನ್ನು ಹುಟ್ಟಿಸಿದ ಸಾಧನದಲ್ಲೇ ದೋಷವಿದೆ ಎಂದು ತಿಳಿಯಬೇಕು. ಕಾಮಾಲೆಯ ಕಣ್ಣಿಗೆ ಶಂಖ ಹಳದಿಯಾಗಿ ಕಾಣುತ್ತದೆ ಎಂಬುದು ಇದರ ಹಳೆಯ ಉದಾಹರಣೆ.

ನನಗೆ ಹೊಳೆದದ್ದು ಅದರ ಮುಂದಿನ ಮಾತು. ಕಾಮಾಲೆಯವನು ತನ್ನ ಕಣ್ಣನ್ನು ಕನ್ನಡಿಯಲ್ಲಿ ನೋಡಿಕೊಳ್ಳಬಹುದು. ಕಿವುಡು ತನ್ನನ್ನು ತಾನು ಕೇಳಿಸಿಕೊಳ್ಳುವುದು ಹೇಗೆ? ಕಿವಿಯಲ್ಲಿ ಕೊರತೆಯಾದರೆ ಕೊರತೆಯೆಂದು ಅನ್ನಿಸುವುದಿಲ್ಲ, ಲೋಕ ಗೊಣಗುತ್ತಿದೆ ಅನ್ನಿಸುತ್ತದೆ. ಮಗ ಬಾಯಿ ಬಿಟ್ಟು ಮಾತಾಡುತ್ತಿಲ್ಲ, ಸೊಸೆ ಪಿಸುಗುಟ್ಟುತ್ತಾಳೆ, ತಮ್ಮ ಏನೋ ಮುಚ್ಚಿಡುತ್ತಿದ್ದಾನೆ. ಈ ದೋಷದ ಅರಿವು ಒಳಗಿನಿಂದ ಬರಲಾರದು, ಇನ್ನೊಬ್ಬರ ಬಾಯಿಂದಲೇ ಬರಬೇಕು. ಅಂಥ ಮಾತು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು ಎಂದು ನೈಯಾಯಿಕರ ಶರತ್ತು. ವಾತ್ಸ್ಯಾಯನನ ಪ್ರಕಾರ ಆಪ್ತ ಎಂದರೆ ಹತ್ತಿರದವನೆಂದಲ್ಲ. ವಿಷಯವನ್ನು ನೇರವಾಗಿ ಕಂಡವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆ ಇರುವವನು. ನಾನು ಕಂಡಿದ್ದೆ. ಎರಡನೆಯದು ನನ್ನಲ್ಲಿರಲಿಲ್ಲ.

ನಮ್ಮೂರಿಗೆ ಹತ್ತಿರದ ಶ್ರವಣಬೆಳಗೊಳದ ‘ಶ್ರವಣ’ಕ್ಕೂ ಕೇಳುವುದಕ್ಕೂ ಸಂಬಂಧವಿಲ್ಲ, ಅದು ಶ್ರಮಣ ಎಂಬುದರ ರೂಪ. ಮಕಾರ ವಕಾರವಾಗಿ ಶತಮಾನಗಳೇ ಕಳೆದಿವೆ, ಯಾರಿಗೂ ಏನೂ ನಷ್ಟವಾಗಲಿಲ್ಲ. ಅದೇ ಬೆಳಗೊಳದ ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಎಣಿಸುತ್ತಾರೆ: ಸ್ಪರ್ಶ ಮೊದಲು, ಆಮೇಲೆ ರುಚಿ, ವಾಸನೆ, ನೋಟ, ಕಡೆಯದಾಗಿ ಶ್ರವಣ. ಕಟ್ಟಕಡೆಗೆ ದಕ್ಕುವ ಇಂದ್ರಿಯವಂತೆ. ಕಳೆದುಕೊಳ್ಳುವಾಗ ಮಾತ್ರ ಕೆಲವರಿಗೆ ಅದೇ ಮೊದಲು.

ಅಪ್ಪನಿಗೆ ಹೇಳಿದೆ. ಚೆನ್ನಾಗಿ ಹೇಳಿದೆನೆಂದು ಹೇಳಲಾರೆ. ಸಾಲು-ಪಾಲಿನ ವಿಷಯ ಮೊದಲು ಬಂತು, ಕಿವಿಯ ವಿಷಯ ಆಮೇಲೆ. ಅವರು ಒಪ್ಪಲಿಲ್ಲ. ‘ಪಾಲು ಅಂದಿದ್ನ ನಾನು ಕಿವಿಯಾರೆ ಕೇಳಿವ್ನಿ. ನಿಮ್ ಚಿಕ್ಕಪ್ಪ ನಿಂಗೆ ತಲೆ ತುಂಬವ್ನೆ’ ಎಂದರು. ನಮ್ಮ ಭಾಷೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ‘ಲ್ಯಾಪ್‌ಟಾಪ್ ಸರಿಯಾಗೈತೆ ಅಂತ ನೀನೇ ಅಂದಿದ್ದಲ್ಲ?’ ಎಂದೂ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಒಮ್ಮೆ ಸುಳ್ಳು ಹೇಳಿದವನ ನಿಜಕ್ಕೆ ಎಷ್ಟು ಬೆಲೆಯೋ ಅಷ್ಟು ಸಿಕ್ಕಿತು.

ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಸದ್ದಿಲ್ಲದ ಕೋಣೆಯೊಳಗೆ ಕೂರಿಸಿ, ಕೇಳಿಸಿದಾಗ ಕೈ ಎತ್ತಿ ಎಂದರು. ಕೈ ಎತ್ತದ ಹೊತ್ತೇ ಹೆಚ್ಚಾಗಿತ್ತು. ಗಾಜಿನ ಈಚೆ ಕುಳಿತು ನೋಡುವುದು ಕಷ್ಟವಾಯಿತು. ಕೈಗೆ ಬಂದ ಹಾಳೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಇಂಟು ಗುರುತುಗಳು. ಎಡದಿಂದ ಸಮನಾಗಿ ಬರುತ್ತಿದ್ದ ಎರಡೂ ಗೆರೆಗಳು 2000 ದಾಟಿದ ಮೇಲೆ ಬಾವಿಗೆ ಬಿದ್ದಂತೆ ಇಳಿದಿದ್ದವು, 4000ದ ಹತ್ತಿರ ಆಳವಾದ ಗುಂಡಿ. ಗದ್ದಲದಿಂದ ಕೆಟ್ಟ ಕಿವಿಯಲ್ಲಿ ಸಾಮಾನ್ಯವಾಗಿ ಅಲ್ಲೇ ಗುಂಡಿ ಬೀಳುತ್ತದಂತೆ. ಅಪ್ಪ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ‘ಇದು ಮಿಲ್ಲಾ?’ ಎಂದರು. ಹೌದೆಂದೆ. ಇನ್ನೇನೂ ಕೇಳಲಿಲ್ಲ.

ಬೆಥೋವನ್ 1802ರಲ್ಲಿ ತನ್ನ ತಮ್ಮಂದಿರಿಗೆ ಒಂದು ಕಾಗದ ಬರೆದಿದ್ದ. ತನ್ನನ್ನು ಜನ ಹಟಮಾರಿ, ಮನುಷ್ಯದ್ವೇಷಿ ಎಂದುಕೊಳ್ಳುತ್ತಾರೆ, ಅದರ ಹಿಂದಿನ ಗುಟ್ಟು ಅವರಿಗೆ ಗೊತ್ತಿಲ್ಲ, ಕಿವಿ ಕೇಳಿಸದು ಜೋರಾಗಿ ಹೇಳಿ ಎನ್ನಲು ತನಗೆ ಬಾಯಿ ಬರುವುದಿಲ್ಲ ಎಂಬುದು ಅದರ ಸಾರ. ಕಾಗದವನ್ನು ಕಳಿಸಲಿಲ್ಲ. 1827ರಲ್ಲಿ ಅವನು ಸತ್ತ ಮೇಲೆ ಅವನ ಕಾಗದಪತ್ರಗಳಲ್ಲಿ ಸಿಕ್ಕಿತು. ಅವನಿಗೆ ತನ್ನ ದೋಷ ಗೊತ್ತಿತ್ತು, ಹೇಳಿಕೊಳ್ಳಲು ಆಗಲಿಲ್ಲ. ಅಪ್ಪನಿಗೆ ಗೊತ್ತೇ ಇರಲಿಲ್ಲ. ಯಾವುದು ಹೆಚ್ಚಿನ ಕಷ್ಟವೋ.

ಮೈಸೂರಿನಿಂದ ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಒಂದೇ ಸಲ ಬಾಯಿ ಬಿಟ್ಟರು. ‘ಇನ್ನೂ ಏನೇನ್ ತಪ್ಪಾಗ್ ಕೇಳ್ಸ್ಕೊಂಡಿವ್ನೋ.’ ನನಗೆ ಹೇಳಿದ್ದಲ್ಲ ಅದು. ಕಿಟಕಿಯ ಕಡೆ ತಿರುಗಿ ಹೇಳಿದ್ದು. ನನಗಾಗ ಅನ್ನಿಸಿದ್ದು, ನಾನು ತಪ್ಪಿಸಲು ಹೋದದ್ದು ಈ ವಾಕ್ಯವನ್ನೇ ಇರಬೇಕು. ಸುಳ್ಳಿನಿಂದ ಉಳಿಸಿದ್ದು ಇಷ್ಟು. ಹಾಗಾದರೆ ಉಳಿಸಿದ್ದೇನೂ ಸಣ್ಣದಲ್ಲ ಎಂದು ಒಪ್ಪಬೇಕು. ಅದರ ಬದಲಿಗೆ ಕೊಟ್ಟದ್ದು ಮಾತ್ರ ನನ್ನದಾಗಿರಲಿಲ್ಲ, ಒಬ್ಬ ತಮ್ಮನನ್ನು.

ಈಕ್ವಲೈಸರ್ ಹಾಕಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕನ್ನಡಕ ಹಾಕುವುದಿಲ್ಲವೇ, ಮೆಟ್ಟಿಲ ಪಕ್ಕಕ್ಕೆ ಇಳಿಜಾರು ಕಟ್ಟುವುದಿಲ್ಲವೇ? ಒಳ್ಳೆಯ ಧ್ವನಿ ಎಂಬುದು ಸ್ಪೀಕರಿನೊಳಗೆ ಕುಳಿತಿರುವ ಗುಣವಲ್ಲ. ನನಗೆ ತಗಡಾದದ್ದು ಅಪ್ಪನಿಗೆ ಸರಿಯಾದ ಶ್ರುತಿಯಾದರೆ ಅವರ ಮನೆಯಲ್ಲಿ ಅದೇ ಸರಿ, ನನ್ನ ಕಿವಿಯನ್ನು ಲೋಕದ ಅಳತೆಗೋಲೆಂದು ಯಾರೂ ಸಾರಿಲ್ಲ. ಆದರೆ ಕನ್ನಡಕ ಹಾಕಿಕೊಂಡವನಿಗೆ ತಾನು ಹಾಕಿಕೊಂಡಿರುವುದು ಗೊತ್ತಿರುತ್ತದೆ.

ಕಿವಿಯ ಮಿಷನ್ನು ಬಂತು. ಮೊದಲ ವಾರ ಅಪ್ಪ ಅದನ್ನು ಬೈದದ್ದು ಕೇಳಬೇಕಿತ್ತು. ತಟ್ಟೆ ಇಡುವ ಸದ್ದು, ತಾವೇ ಹಪ್ಪಳ ಅಗಿಯುವ ಸದ್ದು, ಹೆದ್ದಾರಿಯ ಲಾರಿಗಳು, ಎಲ್ಲವೂ ತಲೆಯೊಳಗೇ ಆಗುತ್ತಿವೆಯಂತೆ. ‘ಇದೂ ಸರಿ ಇಲ್ಲ, ರಿಪೇರಿ ಮಾಡು’ ಎಂದು ಕೈಗೆ ಕೊಟ್ಟರು. ಹೊಸದರಲ್ಲಿ ಎಲ್ಲರಿಗೂ ಹಾಗೆಯೇ, ಮೆದುಳು ಪಳಗಲು ತಿಂಗಳುಗಳು ಬೇಕು ಎಂದು ಮೈಸೂರಿನಲ್ಲಿ ಮೊದಲೇ ಹೇಳಿದ್ದರು. ಈಗ ದಿನಕ್ಕೆ ಮೂರು ನಾಲ್ಕು ಗಂಟೆ ಹಾಕಿಕೊಳ್ಳುತ್ತಾರೆ. ಚಿಕ್ಕಪ್ಪ ಇನ್ನೂ ಮನೆಗೆ ಬಂದಿಲ್ಲ. ಈ ಸಲ ಬದುವಿನ ಸಾಲಿನ ಕಾಯಿ ಕೀಳಿಸಿ ಮನೆಯ ಮುಂದೆ ಹಾಕಿಸಿ ಹೋಗಿದ್ದಾನೆ. ಅಪ್ಪ ಎಣಿಸಲಿಲ್ಲ, ಸುಲಿಸಿ ಅಟ್ಟಕ್ಕೆ ಹಾಕಿಸಿದರು.

ಹೋದ ತಿಂಗಳು ಹೋದಾಗ ಮಿಷನ್ನು ಹಾಕಿಕೊಂಡು ನಾಟಕ ನೋಡಲು ಕುಳಿತವರು ಕಿವಿ ಮುಚ್ಚಿಕೊಂಡು, ‘ಕಿರುಚ್ತದೆ ಕಣ್ಲಾ’ ಎಂದರು. ನೋಡಿದರೆ ‘ಅಪ್ಪ’ ಎಂಬ ಜೋಡಣೆ ಇನ್ನೂ ಹಾಗೇ ನಡೆಯುತ್ತಿತ್ತು. ಅದು ಏರಿಸಿದ್ದನ್ನೇ ಮಿಷನ್ನು ಇನ್ನೊಮ್ಮೆ ಏರಿಸುತ್ತಿತ್ತು. ತೆರೆದು ತೋರಿಸಿದೆ. ಯಾವ ದಿನ ಮಾಡಿದ್ದು, ಯಾಕೆ ಮಾಡಿದ್ದು, ಎಲ್ಲ ಹೇಳಿದೆ. ಕನ್ನಡಕ ಏರಿಸಿಕೊಂಡು ಪರದೆಯ ಮೇಲಿನ ಆ ಏರುಗೆರೆಯನ್ನು ನೋಡಿದರು. ಮೈಸೂರಿನ ಹಾಳೆಯ ಗುಂಡಿಯನ್ನು ತಲೆಕೆಳಗು ಮಾಡಿದಂತಿತ್ತು ಅದು.

‘ಹಂಗಾರೆ ಅವತ್ತೇ ನಿಂಗೆ ಗೊತ್ತಿತ್ತು.’

‘ಗೊತ್ತಿತ್ತು.’

ಅಪ್ಪ ಸುಮ್ಮನಿದ್ದರು. ಯೂಟ್ಯೂಬಿನಲ್ಲಿ ಹಾರ್ಮೋನಿಯಂ ಮೇಷ್ಟರು ಶ್ರುತಿ ಹಿಡಿದು ಕುಳಿತಿದ್ದರು. ನಾನು ಅಳಿಸಲೆಂದು ಕರ್ಸರನ್ನು ಅದರ ಮೇಲೆ ತಂದೆ.

‘ಇರ್ಲಿ, ಅಳಿಸ್ಬ್ಯಾಡ’ ಎಂದರು. ‘ರಾತ್ರಿ ಮಿಷನ್ ಬಿಚ್ಚಿಕ್ಕಿದ್ ಮೇಲೆ ಬೇಕಾಯ್ತದೆ. ಎಲ್ ಆನ್ ಮಾಡೋದು, ಎಲ್ ಆಫ್ ಮಾಡೋದು ಅಂತ ತೋರ್ಸು.’